ರೆಡ್ ಸ್ಪೆಷಲ್ ರೆಪ್ಲಿಕಾಗೆ ದುಡ್ಡು ಕೊಡೋ ಮುಂಚೆ ಒಳಗೇನಿದೆ ಕೇಳಿ

ಪ್ರಶ್ನೆ: ಸರ್, ನಾನು ಕೋಲಾರದವನು, ಟಮಕ ಹತ್ರ ಮನೆ. ಕ್ವೀನ್ ಬ್ಯಾಂಡ್ ಅಂದ್ರೆ ಪ್ರಾಣ. ಬ್ರಯಾನ್ ಮೇ ನುಡಿಸೋ ರೆಡ್ ಸ್ಪೆಷಲ್ ಗಿಟಾರ್ ಥರಾನೇ ಪೂರ್ತಿ ಕೈಯಲ್ಲಿ ಮಾಡಿಕೊಡ್ತೀನಿ ಅಂತ ಬೆಂಗಳೂರಲ್ಲಿ ಒಬ್ಬರು ಒಪ್ಕೊಂಡಿದ್ದಾರೆ. 1,60,000 ರೂಪಾಯಿ, ಅಷ್ಟೂ ಅಡ್ವಾನ್ಸ್, ಎಂಟು ತಿಂಗಳು ಕಾಯ್ಬೇಕಂತೆ. ಅವರು ಮುಂಚೆ ಮಾಡಿದ ಒಂದರ ಫೋಟೋ ಕಳ್ಸಿದ್ರು, ಅಸಲಿಗೂ ಅದಕ್ಕೂ ವ್ಯತ್ಯಾಸಾನೇ ಗೊತ್ತಾಗಲ್ಲ. ನನ್ನ ಹತ್ರ ಇರೋದು 15 ವ್ಯಾಟಿನ ಸಣ್ಣ ಪ್ರಾಕ್ಟೀಸ್ ಆಂಪ್. ಮನೇಲಿ ಎಲ್ರೂ ಬೈತಿದ್ದಾರೆ. ತಗೊಳ್ಳಲಾ ಬೇಡ್ವಾ?

ಉತ್ತರ: ತಗೊಳ್ಳಿ ಅಂತಾನೂ ಹೇಳಲ್ಲ ಬೇಡ ಅಂತಾನೂ ಹೇಳಲ್ಲ, ಆದ್ರೆ ಪೂರ್ತಿ ಅಡ್ವಾನ್ಸ್ ಮಾತ್ರ ಕೊಡಬೇಡಿ, ಅದು ಮೊದಲು. ಎರಡನೇದು, ಫೋಟೋ ನೋಡಿ ವ್ಯತ್ಯಾಸ ಗೊತ್ತಾಗಲ್ಲ ಅಂದ್ರಲ್ಲ, ಎಲ್ರೂ ಏಮಾರೋದು ಅಲ್ಲೇ. ಕೆಂಪು ಬಣ್ಣ, ಆ ಶೇಪು, ಕಪ್ಪು ಪಿಕ್‌ಗಾರ್ಡು, ಬಿಳೀ ಸ್ವಿಚ್ಚುಗಳು, ಇಷ್ಟನ್ನ ಕೈ ಹದವಾಗಿರೋ ಯಾವ ಬಡಗಿ ಬೇಕಾದ್ರೂ ಮಾಡ್ತಾನೆ. ರೆಡ್ ಸ್ಪೆಷಲ್ ರೆಡ್ ಸ್ಪೆಷಲ್ ಆಗಿರೋದು ಫೋಟೋದಲ್ಲಿ ಕಾಣದೇ ಇರೋ ಜಾಗದಲ್ಲಿ.

ಅಸಲಿ ಕತೆ ನಿಮಗೆ ಗೊತ್ತಿರತ್ತೆ, ಆದ್ರೂ ಚಿಕ್ಕದಾಗಿ ಹೇಳ್ತೀನಿ ಯಾಕಂದ್ರೆ ಬಿಲ್ಡರ್‌ಗೆ ಕೇಳ್ಬೇಕಾದ ಪ್ರಶ್ನೆಗಳೆಲ್ಲ ಅದರಿಂದಾನೇ ಹುಟ್ಟೋದು. 1963ರಲ್ಲಿ ಬ್ರಯಾನ್‌ಗೆ 16 ವರ್ಷ, ಅಂಗಡಿ ಗಿಟಾರ್ ತಗೊಳ್ಳೋಕೆ ಮನೇಲಿ ದುಡ್ಡಿಲ್ಲ, ಎಲೆಕ್ಟ್ರಾನಿಕ್ಸ್ ಬಲ್ಲ ಅಪ್ಪ ಹೆರಾಲ್ಡ್ ಜೊತೆ ಕೂತು ತಾವೇ ಮಾಡಿದ್ದು. ಹಳೇ ಮನೆ ಬೆಂಕಿಗೂಡಿನ ಮೇಲಿದ್ದ ಮಹಾಗನಿ ಹಲಗೆ ಕೆತ್ತಿ ನೆಕ್ ಮಾಡಿದ್ರು, ಅದರಲ್ಲಿ ಹುಳ ತಿಂದ ತೂತಿತ್ತು, ಬೆಂಕಿಕಡ್ಡಿ ತುರುಕಿ ಮುಚ್ಚಿದ್ರು. ಗಿಟಾರಿನ ಬಾಡಿ ಭಾಗಕ್ಕೆ ಹಳೇ ಟೇಬಲ್ಲಿನ ಓಕ್ ಮರ, ಸುತ್ತ ಬ್ಲಾಕ್‌ಬೋರ್ಡ್ (ಮರದ ಪಟ್ಟಿ ಜೋಡಿಸಿ ಅಂಟಿಸಿದ ಹಲಗೆ), ಮೇಲೆ ಮಹಾಗನಿ ವೆನೀರು, ಅಂದ್ರೆ ತೆಳು ಮರದ ಹೊದಿಕೆ. ಫ್ರೆಟ್‌ಬೋರ್ಡ್ ಮೇಲಿನ ಚುಕ್ಕೆಗಳು ಅಮ್ಮನ ಹೊಲಿಗೆ ಡಬ್ಬದ ಮುತ್ತಿನ ಚಿಪ್ಪಿನ ಗುಂಡಿಗಳು. ಟ್ರೆಮೊಲೋಗೆ (ಬಾರ್ ಒತ್ತಿ ತಂತಿಯ ಶ್ರುತಿ ಏರಿಳಿಸೋ ವ್ಯವಸ್ಥೆ) ಹಳೇ ಮೋಟಾರ್‌ಸೈಕಲ್ಲಿನ ವಾಲ್ವ್ ಸ್ಪ್ರಿಂಗು, ಅದರ ಕೈಗೆ ಸೈಕಲ್ ಬ್ಯಾಗ್ ಸಿಗ್ಸೋ ಕಂಬಿ, ತುದಿಗೆ ಅಮ್ಮನ ಹೆಣಿಗೆ ಕಡ್ಡಿ ಚೂರು. ಅದನ್ನೇ ಹಿಡ್ಕೊಂಡು 1985ರಲ್ಲಿ ದೊಡ್ಡ ಸಂಗೀತ ಕಾರ್ಯಕ್ರಮ ಲೈವ್ ಏಡ್‌ನಲ್ಲಿ ನಿಂತ್ರು, 2002ರಲ್ಲಿ ಬಕಿಂಗ್‌ಹ್ಯಾಮ್ ಅರಮನೆ ತಾರಸಿ ಮೇಲೂ ನಿಂತ್ರು.

ಇನ್ನು ಕೇಳ್ಬೇಕಾದ್ದು. ಅಳತೆ ಎಲ್ಲಿಂದ ತಂದ್ರಿ ಅಂತ ಮೊದಲು ಕೇಳಿ. ಆಸ್ಟ್ರೇಲಿಯಾದ ಗ್ರೆಗ್ ಫ್ರಯರ್, ಇಂಗ್ಲೆಂಡಿನ ಆಂಡ್ರೂ ಗೈಟನ್ ಇವರೆಲ್ಲ ಅಸಲಿ ಗಿಟಾರನ್ನೇ ಎದುರಿಗೆ ಇಟ್ಕೊಂಡು ಅಳೆದು ಆಮೇಲೆ ರೆಪ್ಲಿಕಾ ಮಾಡಿದೋರು. ನಿಮ್ಮ ಬಿಲ್ಡರ್‌ಗೆ ಆ ಭಾಗ್ಯ ಇರಲ್ಲ, ಪರವಾಗಿಲ್ಲ, ಆದ್ರೆ ಕೈಯಲ್ಲಿ ಒಂದು ಸರಿಯಾದ ಡ್ರಾಯಿಂಗ್ ಇರಲೇಬೇಕು. ನಮ್ಮ ಮಾಲೂರು ಕಡೆ ಶಿವಾರಪಟ್ಟಣದ ಶಿಲ್ಪಿಗಳು ತಾಳಮಾನದ (ಮೂರ್ತಿಯ ಅಳತೆ ಪ್ರಮಾಣ) ಲೆಕ್ಕ ಹಾಕಿ ಗೆರೆ ಎಳೀದೆ ಕಲ್ಲಿಗೆ ಉಳಿ ಇಡಲ್ಲ, ಗಿಟಾರೂ ಹಂಗೇ. ಸ್ಕೇಲ್ (ತಂತಿಯ ನುಡಿಯೋ ಭಾಗದ ಉದ್ದ) ಎಷ್ಟು ಅಂತ ಕೇಳಿ ನೋಡಿ, 24 ಇಂಚು ಅಂತ ಥಟ್ ಅಂತ ಹೇಳಬೇಕು. ಫೆಂಡರ್ ಕಂಪನಿಯ ಸ್ಟ್ರಾಟೋಕಾಸ್ಟರ್ (ಸ್ಟ್ರಾಟ್) ಗಿಟಾರ್‌ದು 25.5 ಇಂಚು. ಯೋಚ್ನೆ ಮಾಡಿ ಹೇಳ್ತೀನಿ ಅಂದ್ರೆ ಅಲ್ಲಿಗೇ ಕೈ ಮುಗಿದು ವಾಪಸ್ ಬನ್ನಿ.

ಆಮೇಲೆ ಬಾಡಿ ಒಳಗಿನ ಪೊಳ್ಳು. ರೆಡ್ ಸ್ಪೆಷಲ್ ಹೊರಗಿಂದ ಗಟ್ಟಿ ಹಲಗೆ ಥರ ಕಂಡ್ರೂ ಒಳಗೆ ಟೊಳ್ಳು ಜಾಗ ಬಿಟ್ಟಿದ್ದಾರೆ, ಆಂಪ್ ಮುಂದೆ ನಿಂತ್ರೆ ಹದವಾಗಿ ಫೀಡ್‌ಬ್ಯಾಕ್ (ಆಂಪ್ ಸದ್ದಿಗೇ ತಂತಿ ಮತ್ತೆ ಮಿಡಿಯೋದು) ಬರಲಿ ಅಂತಾನೇ ಬೇಕಂತಾನೇ ಮಾಡಿದ್ದು. ಮೇಲಿನ ಹಲಗೆ ಅಂಟಿಸಿದ ಮೇಲೆ ಇದನ್ನ ನೋಡೋಕೆ ಆಗಲ್ಲ, ಅದಕ್ಕೇ ಅಂಟಿಸೋ ಮುಂಚೆ ನಾನೇ ಬಂದು ನೋಡ್ತೀನಿ ಅಂತ ಹೇಳಿ, ಕೋಲಾರದಿಂದ ಬೆಂಗಳೂರೇನು ದೂರ ಅಲ್ಲ, ಬೆಳಗ್ಗೆ ಬಸ್ ಹತ್ತಿದ್ರೆ ಊಟದ ಹೊತ್ತಿಗೆ ಮನೆಗೆ ಬರಬಹುದು. ಬರೋದು ಬೇಡ ಅನ್ನೋ ಬಿಲ್ಡರ್ ಹತ್ರ ಮಾಡಿಸಲೇಬೇಡಿ.

ಟ್ರೆಮೊಲೋ ವಿಷ್ಯ ಸ್ವಲ್ಪ ಜಾಸ್ತಿ ಹೇಳ್ಬೇಕು, ರೆಪ್ಲಿಕಾ ಮಾಡೋರು ಕಳ್ಳಬೀಳೋದು ಜಾಸ್ತಿ ಇಲ್ಲೇ. ಅಸಲಿಯಲ್ಲಿ ಇಡೀ ಟ್ರೆಮೊಲೋ ಪ್ಲೇಟು ಒಂದು ಚಾಕುವಿನ ಅಂಚಿನ ಮೇಲೆ ತೂಗ್ತಾ ಇರತ್ತೆ, ಒಂದ್ಕಡೆ ತಂತಿಗಳು ಎಳೀತವೆ ಇನ್ನೊಂದ್ಕಡೆ ಆ ಎರಡು ವಾಲ್ವ್ ಸ್ಪ್ರಿಂಗು ತಡೀತವೆ. ಬ್ರಿಡ್ಜ್ ಮೇಲೆ ಒಂದೊಂದು ತಂತಿಗೂ ಒಂದೊಂದು ಪುಟ್ಟ ರೋಲರ್, ಈ ಕಡೆ ನಟ್ (ನೆಕ್ ತುದೀಲಿ ತಂತಿ ಕೂರೋ ಪಟ್ಟಿ) ಪಕ್ಕ ಝೀರೋ ಫ್ರೆಟ್ (ಬಿಟ್ಟ ತಂತಿಗೂ ಆಧಾರ ಕೊಡೋ ಲೋಹದ ಕಂಬಿ), ಅಲ್ಲಿಂದ ತಂತಿ ಹೆಚ್ಚುಕಮ್ಮಿ ನೇರವಾಗಿ ಶ್ರುತಿ ತಿರುಗಿಸೋ ಕೀಲಿಗೆ ಹೋಗತ್ತೆ. ಅಂದ್ರೆ ತಂತಿ ಎಲ್ಲೂ ಉಜ್ಜಿ ಸಿಕ್ಕಾಕ್ಕೊಬಾರದು, ಬಾರ್ ಒತ್ತಿ ಬಿಟ್ರೆ ಶ್ರುತಿ ವಾಪಸ್ ಅಲ್ಲಿಗೇ ಬರಬೇಕು, ಅಷ್ಟೇ ಅದರ ಹಿಂದಿನ ತಲೆ. ಇದನ್ನ ಲೇತ್‌ನಲ್ಲಿ ಕೂತು ಮಾಡೋಕೆ ಟೈಮ್ ಬೇಕು, ಅದಕ್ಕೇ ಸುಮಾರು ಜನ ಆನ್‌ಲೈನ್‌ನಲ್ಲಿ ಸಿಗೋ ಸ್ಟ್ರಾಟ್ ಥರದ ರೆಡಿ ಬ್ರಿಡ್ಜ್ ತಂದು ಕೂರಿಸಿಬಿಡ್ತಾರೆ. ಬ್ರಯಾನ್ ಮೇ ಅವರದ್ದೇ ಕಂಪನಿ ಮಾರೋ ಮಾಮೂಲಿ ಮಾಡಲ್ಲಲ್ಲೂ ವಿಲ್ಕಿನ್ಸನ್ ಟ್ರೆಮೊಲೋನೇ ಇರೋದು, ಅದು ತಪ್ಪೇನಲ್ಲ, ಆ ರೇಟಿಗೆ ಅದೇ ಸರಿ. ಆದ್ರೆ ಕೈಯಲ್ಲಿ ಮಾಡಿದ ರೆಪ್ಲಿಕಾ ಅಂತ 1,60,000 ಎಣಿಸಿಕೊಂಡು ರೆಡಿ ಬ್ರಿಡ್ಜ್ ಹಾಕಿದ್ರೆ ಆ ದುಡ್ಡು ನೀವು ಬಣ್ಣಕ್ಕೆ ಕೊಟ್ಟಂಗೆ. ಡೆಲಿವರಿ ದಿನ ಟ್ಯೂನರ್ ಜೇಬಲ್ಲಿ ಇಟ್ಕೊಂಡು ಹೋಗಿ, ಶ್ರುತಿ ಮಾಡಿ, ತಂತಿ ಪೂರ್ತಿ ಸಡಿಲ ಆಗೋವರೆಗೂ ಬಾರ್ ಒತ್ತಿ, ಬಿಡಿ, ಟ್ಯೂನರ್ ನೋಡಿ. ಒಂದೆರಡು ಸೆಂಟ್ (ಅರ್ಧ ಸ್ವರದ ನೂರನೇ ಒಂದು ಭಾಗ) ಆಚೀಚೆ ಆದ್ರೆ ಓಕೆ, ಮುಳ್ಳು ಇನ್ನೂ ದೂರ ಹೋಗಿ ನಿಂತ್ರೆ ಕೆಲಸ ಬಾಕಿ ಇದೆ ಅಂತ ಅರ್ಥ.

ಇನ್ನು ಪಿಕಪ್, ಅಂದ್ರೆ ತಂತಿಯ ಕಂಪನನ ವಿದ್ಯುತ್ ಸಂಕೇತ ಮಾಡೋ ಸುರುಳಿ. ಅಸಲಿಯಲ್ಲಿ ಇರೋದು ಬರ್ನ್ಸ್ ಟ್ರೈ-ಸಾನಿಕ್, ಮೂರು. ಬ್ರಯಾನ್ ಮೊದಲು ತಾವೇ ಪಿಕಪ್ ಸುತ್ತಿದ್ರು, ತಂತಿ ಬೆಂಡ್ ಮಾಡಿದಾಗ ವಿಚಿತ್ರ ಸದ್ದು ಬರ್ತಿತ್ತು ಅಂತ ಬಿಟ್ಟು ಇದನ್ನ ಕೊಂಡು ಹಾಕಿದ್ರು, ಅರಲ್ಡೈಟ್ ಅಂಟು ಸುರಿದು ಒಳಗೆ ಅಲ್ಲಾಡದಂಗೆ ಮಾಡಿದ್ರು. ಮುಖ್ಯ ಏನಂದ್ರೆ ಇವನ್ನ ಸೀರೀಸ್‌ನಲ್ಲಿ (ಒಂದರ ಹಿಂದೊಂದು) ಜೋಡಿಸಿದ್ದಾರೆ, ಮಾಮೂಲಿ ಸ್ಟ್ರಾಟ್‌ನಲ್ಲಿ ಪ್ಯಾರಲಲ್ ಇರತ್ತೆ. ಒಂದೊಂದು ಪಿಕಪ್‌ಗೂ ಆನ್ ಆಫ್‌ಗೆ ಒಂದು ಸ್ವಿಚ್ಚು, ಫೇಸ್ (ಸಂಕೇತದ ಏರಿಳಿತದ ದಿಕ್ಕು) ತಿರುಗಿಸೋಕೆ ಇನ್ನೊಂದು, ಒಟ್ಟು ಆರು. ಎರಡು ಪಿಕಪ್ ಒಂದೇ ಫೇಸ್‌ನಲ್ಲಿ ಹಾಕಿದ್ರೆ ದಪ್ಪ ಹಾಡೋ ಧ್ವನಿ, ಒಂದರ ಫೇಸ್ ತಿರುಗಿಸಿದ್ರೆ ಮೂಗಲ್ಲಿ ಕಿರುಚೋ ಧ್ವನಿ, ಆ ಮನುಷ್ಯನ ಸೋಲೋಗಳ ಅರ್ಧ ಗುಟ್ಟು ಅಲ್ಲೇ ಇದೆ. ವೈರಿಂಗ್ ಸರಿ ಇದೆಯಾ ಅಂತ ಬಿಚ್ಚದೇನೇ ಗೊತ್ತಾಗತ್ತೆ. ಗಿಟಾರ್‌ಗೆ ಕೇಬಲ್ ಚುಚ್ಚಿ, ವಾಲ್ಯೂಮ್ ಫುಲ್ ಇಟ್ಟು, ಕೇಬಲ್ಲಿನ ಇನ್ನೊಂದು ತುದಿಗೆ ಮಲ್ಟಿಮೀಟರ್ ಹಿಡೀರಿ. ಒಂದೇ ಪಿಕಪ್ ಆನ್ ಇದ್ದಾಗ ಉದಾಹರಣೆಗೆ 7 ಕಿಲೋ ಓಮ್ ತೋರಿಸಿದ್ರೆ ಎರಡು ಆನ್ ಮಾಡಿದಾಗ 14ರ ಹತ್ರ ಬರಬೇಕು, ವಾಲ್ಯೂಮ್ ಪಾಟ್ ಇರೋದ್ರಿಂದ ಸ್ವಲ್ಪ ಕಮ್ಮಿ ಬರಬಹುದು. ಮೂರೂವರೆಗೆ ಇಳಿದ್ರೆ ಪ್ಯಾರಲಲ್ ಹಾಕಿದ್ದಾನೆ ಪುಣ್ಯಾತ್ಮ. ಮಲ್ಟಿಮೀಟರ್ ಇಲ್ಲ ಅಂದ್ರೆ ಯಾವ್ದಾದ್ರೂ ಟಿವಿ ರಿಪೇರಿ ಅಂಗಡೀಲಿ ಎರಡು ನಿಮಿಷಕ್ಕೆ ಸಾಲ ಸಿಗತ್ತೆ.

ನೆಕ್ ಬಗ್ಗೆ ಯಾರೂ ಹೇಳಲ್ಲ, ಆದ್ರೆ ತಂದು ಮೂಲೆಗೆ ಇಡೋ ಹಂಗೆ ಮಾಡೋದು ಅದೇ. ಅಸಲಿ ನೆಕ್ ಸಿಕ್ಕಾಪಟ್ಟೆ ದಪ್ಪ, ನಟ್ ಹತ್ರ ಸುಮಾರು 47 ಮಿಲಿಮೀಟರ್ ಅಗಲ, ನಿಮ್ಮ ಹತ್ರ ಈಗಿರೋ ಗಿಟಾರ್ ಬಹುಶಃ 42, 43 ಇರತ್ತೆ. ಬ್ರಯಾನ್ ಎತ್ತರದ ಆಳು, ಬೆರಳು ಉದ್ದ, ಆ ನೆಕ್ ಅವರು ಅವರ ಕೈಗೆ ಮಾಡ್ಕೊಂಡಿದ್ದು. ನಿಮ್ಮ ಕೈ ಚಿಕ್ಕದಿದ್ರೆ ನೂರಕ್ಕೆ ನೂರು ಅಸಲಿ ಥರಾನೇ ಬೇಕು ಅಂತ ಹಠ ಹಿಡೀಬೇಡಿ, ನೆಕ್ ಮಾತ್ರ ತೆಳ್ಳಗೆ ಮಾಡಿಸಿ, ಯಾರಿಗೂ ಕಾಣಲ್ಲ. ಸ್ಕೇಲ್ ಚಿಕ್ಕದಾಗಿರೋದ್ರಿಂದ 9 ಗೇಜ್ ತಂತಿ ಹಾಕಿದ್ರೆ ತುಂಬ ಮೆತ್ತಗೆ ಅನ್ಸತ್ತೆ, ಮೊದಲ ವಾರ ಎಲ್ಲ ಬೆಂಡೂ ಶ್ರುತಿ ದಾಟಿ ಹೋಗತ್ತೆ, ಆಮೇಲೆ ಕೈ ಕೂರತ್ತೆ.

ಈಗ ನಿಮ್ಮ 15 ವ್ಯಾಟ್ ಆಂಪ್‌ಗೆ ಬರೋಣ, ಬೇಜಾರ್ ಮಾಡ್ಕೋಬೇಡಿ. ಆ ಧ್ವನಿ ಗಿಟಾರ್ ಒಂದರಿಂದ ಬರ್ತಿಲ್ಲ. ಗಿಟಾರ್ ಆದ ಮೇಲೆ ತಾರಸ್ವರ ಎತ್ತಿ ಕೊಡೋ ಟ್ರೆಬಲ್ ಬೂಸ್ಟರ್ ಅನ್ನೋ ಪುಟ್ಟ ಡಬ್ಬ, ಅದಾದ ಮೇಲೆ ವಾಕ್ಸ್ ಎಸಿ30 ವಾಲ್ವ್ ಆಂಪ್ ಫುಲ್ ವಾಲ್ಯೂಮಲ್ಲಿ, ಜೋರು ಕಮ್ಮಿ ಮಾಡೋದು ಗಿಟಾರ್ ನಾಬ್‌ನಲ್ಲಿ. ಪ್ಲೆಕ್ಟ್ರಮ್ ಬದಲು ಇಂಗ್ಲೆಂಡಿನ ಹಳೇ ಆರು ಪೆನ್ಸ್ ನಾಣ್ಯ, ಅದರ ಅಂಚಿನ ಗೀರು ತಂತಿಗೆ ತಾಗಿ ಚರಕ್ ಅನ್ನತ್ತೆ. (ಮನೇಲಿ ಅಂಚಿಗೆ ಗೀರಿರೋ ಹಳೇ ನಾಲ್ಕಾಣೆ ಇದ್ರೆ ಇವತ್ತೇ ಟ್ರೈ ಮಾಡಿ, ಹೆಂಗೂ ಅದು 2011ರಿಂದ ಚಲಾವಣೇಲಿ ಇಲ್ಲ.) ಇಷ್ಟೂ ಬಿಟ್ಟು ಬರೀ ಗಿಟಾರ್ ತಂದು ಸಣ್ಣ ಟ್ರಾನ್ಸಿಸ್ಟರ್ ಆಂಪ್‌ಗೆ ಚುಚ್ಚಿದ್ರೆ ನಿಮಗೆ ನಿರಾಸೆ ಆಗತ್ತೆ, ಮನೆಯೋರು ಇನ್ನೂ ಬೈತಾರೆ. ಎಸಿ30 ಫುಲ್ ಇಟ್ರೆ ಟಮಕದಲ್ಲಿ ಬಾಡಿಗೆ ಮನೆ ಉಳಿಯಲ್ಲ ಅದೂ ನಿಜ, ಹಂಗಾಗಿ ಎಸಿ30 ಮಾಡಲ್ ಇರೋ ಒಂದು ಡಿಜಿಟಲ್ ಮಾಡಲರ್ (ಆಂಪ್‌ಗಳ ಧ್ವನಿ ಅನುಕರಿಸೋ ಯಂತ್ರ), ಅದರ ಮುಂದೆ ಟ್ರೆಬಲ್ ಬೂಸ್ಟರ್, ಹೆಡ್‌ಫೋನ್, ಅಲ್ಲಿಗೆ ಮುಕ್ಕಾಲು ಪಾಲು ಬಂದಂಗೆ.

ನನ್ನ ಮಾತು ಕೇಳಿದ್ರೆ, ಬಿಲ್ಡರ್ ಚಾಕು ಅಂಚಿನ ಟ್ರೆಮೊಲೋ, ಸೀರೀಸ್ ವೈರಿಂಗ್, ಟೊಳ್ಳು ಬಾಡಿ ಮೂರಕ್ಕೂ ಒಪ್ಪಿ ಕಾಗದದಲ್ಲಿ ಬರ್ಕೊಟ್ರೆ 1,60,000 ದುಬಾರಿ ಅಲ್ಲ, ಅಷ್ಟು ಕೂಲಿ ಅದರಲ್ಲಿದೆ. ಮೂರನೇ ಒಂದು ಭಾಗ ಈಗ, ಇನ್ನೊಂದು ಭಾಗ ಬಾಡಿ ಒಳಗೆ ನೋಡಿದ ದಿನ, ಉಳಿದಿದ್ದು ಗಿಟಾರ್ ಕೈಗೆ ಬಂದು ಬಾರ್ ಒತ್ತಿ ಪರೀಕ್ಷೆ ಮಾಡಿದ ಮೇಲೆ. ಒಪ್ಪದೇ ಇದ್ರೆ ಬ್ರಯಾನ್ ಮೇ ಗಿಟಾರ್ಸ್ ಕಂಪನಿಯ ಫ್ಯಾಕ್ಟರಿ ಮಾಡಲ್ ತಗೊಂಡು ಉಳಿದ ದುಡ್ಡನ್ನ ಬೂಸ್ಟರ್, ಆಂಪ್‌ಗೆ ಹಾಕಿ, ಕಿವಿಗೆ ಅದೇ ಹೆಚ್ಚು ಹತ್ರ ಇರತ್ತೆ. ಹೊರದೇಶದಿಂದ ನೀವೇ ತರಿಸಿದ್ರೆ ಕಸ್ಟಮ್ಸ್ ಡ್ಯೂಟಿ ಮತ್ತೆ ಜಿಎಸ್‌ಟಿ ಸೇರಿ ಬಾಗಿಲಿಗೆ ಬರೋ ಹೊತ್ತಿಗೆ ಎಷ್ಟಾಗತ್ತೆ ಅಂತ ಆರ್ಡರ್ ಮುಂಚೆನೇ ಕೊರಿಯರ್‌ನೋರ ಹತ್ರ ಬರೆಸ್ಕೊಳ್ಳಿ. ಇನ್ನೊಂದು, ಹೆಡ್‌ಸ್ಟಾಕ್ ಮೇಲೆ ಕಂಪನಿ ಹೆಸರೋ ಬ್ರಯಾನ್ ಸಹಿಯೋ ಹಾಕಿಕೊಡ್ತೀನಿ ಅಂದ್ರೆ ಬೇಡ ಅನ್ನಿ. ಹೆಸರಿಲ್ಲದ್ದು ರೆಪ್ಲಿಕಾ, ಹೆಸರು ಹಾಕಿದ್ರೆ ಡೂಪ್ಲಿಕೇಟ್ ಮಾಲು, ನಾಳೆ ಮಾರೋಕೆ ಹೋದಾಗ ತಲೆನೋವು ನಿಮಗೇ. ಮಾಡಿದವರ ಹೆಸರು, ಇಸವಿ ಒಳಗೆಲ್ಲಾದ್ರೂ ಬರೆಸಿ.

ಪ್ರಶ್ನೆ: ಗಿಟಾರ್ ಹೊಸದೇ ಆದ್ರೂ ನಲವತ್ತು ವರ್ಷ ನುಡಿಸಿದಂಗೆ ಬಣ್ಣ ಕಿತ್ತು, ಗೀಚಿ, ತುಕ್ಕು ಹಿಡಿಸಿ ಕೊಡ್ತಾರಂತೆ, ಅದಕ್ಕೆ ಎಕ್ಸ್‌ಟ್ರಾ ದುಡ್ಡು. ಮಾಡಿಸ್ಬಹುದಾ? (ಮಾಲೂರಿನ ಓದುಗರು)

ಉತ್ತರ: ಅದಕ್ಕೆ ರೆಲಿಕ್ ಅಂತಾರೆ. ಪಿಂಕ್ ಫ್ಲಾಯ್ಡ್ ಬ್ಯಾಂಡಿನ ಗಿಟಾರ್ ವಾದಕ ಡೇವಿಡ್ ಗಿಲ್ಮರ್ ಅವರ ಕಪ್ಪು ಸ್ಟ್ರಾಟ್ 2019ರಲ್ಲಿ ನ್ಯೂಯಾರ್ಕ್ ಹರಾಜಲ್ಲಿ 39,75,000 ಡಾಲರ್‌ಗೆ ಹೋಯ್ತು, ಅದರ ಗೀರುಗಳಿಗೆ ಬೆಲೆ ಇದೆ ಯಾಕಂದ್ರೆ ಒಂದೊಂದೂ ಅವರ ಕೈಯಿಂದ ಆಗಿದ್ದು. ನಿಮ್ಮ ಗಿಟಾರ್ ಮೇಲೆ ಇನ್ನೊಬ್ಬ ಸ್ಕ್ರೂಡ್ರೈವರ್‌ನಲ್ಲಿ ಗೀಚೋಕೆ ಯಾಕೆ ದುಡ್ಡು ಕೊಡ್ತೀರ ನನಗಂತೂ ಅರ್ಥ ಆಗಲ್ಲ. ನೆಕ್ ಹಿಂಭಾಗದ ಬಣ್ಣ ಸವೆಸಿ ನುಣುಪು ಮಾಡಿಸೋದು ಮಾತ್ರ ಉಪಯೋಗ ಇರೋ ಕೆಲಸ, ಕೈ ಜಾರತ್ತೆ, ಅಂಟಲ್ಲ.

ಪ್ರಶ್ನೆ: ಬ್ರಯಾನ್ ಮೇ ಹಳೇ ಹಲಗೇಲಿ ಮಾಡ್ಕೊಂಡ್ರು ಅಂತ ಓದಿದೆ. ನಮ್ಮ ತಾತನ ಮನೆ ಕೆಡವಿದಾಗ ಸಿಕ್ಕ ತೇಗದ ಬಾಗಿಲು ಚೌಕಟ್ಟು ಇದೆ, ಇದರಲ್ಲೇ ಬಡಗಿ ಹತ್ರ ಮಾಡಿಸಿದ್ರೆ ಹೆಂಗೆ? (ಬಂಗಾರಪೇಟೆ ಓದುಗರು)

ಉತ್ತರ: ಇದು ನನಗೆ ಇಷ್ಟ ಆಯ್ತು. ಹಳೇ ಮರ ಚೆನ್ನಾಗಿ ಒಣಗಿರತ್ತೆ, ಮುಂದೆ ಸೊಟ್ಟ ಆಗೋದು ಕಮ್ಮಿ, ನಮ್ಮ ಕಡೆ ಮಾರ್ಚ್ ಏಪ್ರಿಲ್ ಒಣ ಹವೆಗೆ ಹೊಸ ಮರದ ನೆಕ್ ಕುಗ್ಗಿ ಫ್ರೆಟ್ ತುದಿ ಹೊರಗೆ ಚುಚ್ಚತ್ತೆ, ಆ ಕಾಟ ಇದರಲ್ಲಿ ಕಮ್ಮಿ ಇರತ್ತೆ. ಮೊದಲು ಒಂದು ಅಯಸ್ಕಾಂತ ಹಿಡಿದು ಇಡೀ ಚೌಕಟ್ಟಿನ ಮೇಲೆ ಆಡಿಸಿ, ಒಳಗೆ ಮುರಿದ ಮೊಳೆ ಇದ್ರೆ ಬಡಗಿಯ ಬ್ಲೇಡು ಹೋಗತ್ತೆ, ಆಮೇಲೆ ನಿಮ್ಮ ಕೆಲಸ ಅವನು ಮುಟ್ಟಲ್ಲ. ತೇಗದಲ್ಲಿ ಎಣ್ಣೆ ಅಂಶ ಇರತ್ತೆ, ಅಂಟಿಸೋ ಜಾಗನ ಹೊಸದಾಗಿ ಉಜ್ಜಿ ಅಸಿಟೋನ್‌ನಲ್ಲಿ ಒರೆಸಿ ತಕ್ಷಣ ಅಂಟು ಹಾಕ್ಬೇಕು, ಸುಮ್ನೆ ಫೆವಿಕಾಲ್ ಬಳಿದು ಇಟ್ರೆ ವರ್ಷದಲ್ಲಿ ಬಿಡಬಹುದು. ನೆಕ್‌ಗೆ ಗಂಟಿಲ್ಲದ, ನಾರು ನೇರ ಇರೋ ಉದ್ದ ತುಂಡು ಆರಿಸಿ, ಒಳಗೆ ಟ್ರಸ್ ರಾಡ್ (ನೆಕ್ ಬಾಗದಂಗೆ ತಡೆಯೋ ಸರಳು) ಹಾಕಿಸಲೇಬೇಕು. ಫ್ರೆಟ್ ಕುಯ್ಯೋ ಅಳತೆ ಮಾತ್ರ ಬಡಗಿಗೆ ಅಂದಾಜಿನ ಮೇಲೆ ಬಿಡಬೇಡಿ, 24 ಇಂಚಿನ ಸ್ಕೇಲಿಗೆ ಮೊದಲ ಫ್ರೆಟ್ 34.2 ಮಿಲಿಮೀಟರ್‌ಗೆ ಬರತ್ತೆ, ಅಲ್ಲಿಂದ ಮುಂದಕ್ಕೆ ಒಂದೊಂದಕ್ಕೂ ಉಳಿದ ಉದ್ದವನ್ನ 17.817ರಿಂದ ಭಾಗಿಸ್ತಾ ಹೋಗಿ, ಪ್ರತಿ ಅಳತೇನೂ ನಟ್‌ನಿಂದಾನೇ ಹಿಡಿದು ಗುರುತು ಹಾಕಿ, ಹಿಂದಿನ ಫ್ರೆಟ್‌ನಿಂದ ಹಿಡಿದ್ರೆ ಸಣ್ಣ ಸಣ್ಣ ತಪ್ಪು ಸೇರ್ಕೊಂಡು ಮೇಲಿನ ಫ್ರೆಟ್‌ಗಳಲ್ಲಿ ಅಪಸ್ವರ ಬರತ್ತೆ.