ಹುಟ್ಟಿದ ದಿನ ಕಚೇರಿಗೆ ಗೊತ್ತಾಗದಿರಲಿ: ಒಂದು ಆಪ್ತಸಲಹೆ ಪ್ರಕರಣ

ಸಲಹಾರ್ಥಿ ಮೂವತ್ತು ದಾಟಿದ ಮಹಿಳೆ, ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ. ಹೊಸ ಕಚೇರಿ ಸೇರಿ ಏಳು ತಿಂಗಳಾಗಿತ್ತು. ಹುಟ್ಟುಹಬ್ಬಕ್ಕೆ ಇನ್ನೂ ಐದು ವಾರ ಇರುವಾಗಲೇ ನಿದ್ದೆ ಕೆಟ್ಟಿತ್ತು. ಹಿಂದಿನ ಕಚೇರಿಯಲ್ಲಿ ಒಂದು ಬೆಳಿಗ್ಗೆ ಅವರು ಹೋಗಿ ನೋಡಿದರೆ ಕುರ್ಚಿಯ ಬೆನ್ನಿಗೆ ಬಲೂನು ಕಟ್ಟಿತ್ತು, ಕಂಪ್ಯೂಟರ್ ಪರದೆಯ ತುಂಬ ಬಣ್ಣದ ಚೀಟಿ. ಹತ್ತು ಹನ್ನೆರಡು ಮಂದಿ ಸುತ್ತ ನಿಂತು ಚಪ್ಪಾಳೆ ತಟ್ಟಿದರು, ಮೊಬೈಲ್‌ಗಳು ಮೇಲೆದ್ದವು, ಇವರು ನಗಲೇಬೇಕಾಯಿತು. ಅವರ ಅಣ್ಣ ತೀರಿಕೊಂಡದ್ದು ಅದೇ ತಾರೀಖಿನಂದು. ಅದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮೊದಲ ಭೇಟಿಯಲ್ಲಿ ನೋಡಿದ್ದು ನಿದ್ದೆ, ಹಸಿವು, ಎದೆಬಡಿತ. ಆ ದಿನವನ್ನು ನೆನೆದರೆ ಎಷ್ಟು ಆತಂಕ ಎಂದು 0ಯಿಂದ 10ರವರೆಗಿನ ಅಳತೆಯಲ್ಲಿ ಕೇಳಿದಾಗ 8 ಎಂದರು. ಸಾವಿನ ವಾರ್ಷಿಕ ದಿನ ಹತ್ತಿರವಾದಾಗ ದುಃಖ ಮತ್ತೆ ಉಕ್ಕುವುದು ಸಾಮಾನ್ಯ. ಹಾಗಾಗಿ ಸಾಯಬೇಕೆಂಬ ಯೋಚನೆ ಬರುತ್ತದೆಯೇ ಎಂದು ಸುತ್ತಿಬಳಸದೆ ಕೇಳಿದೆವು. ಇಲ್ಲ ಎಂದರು. ಇನ್ನೊಂದು ಪ್ರಶ್ನೆ ಅಷ್ಟೇ ಮುಖ್ಯ: ಭಯ ಈ ಒಂದು ದಿನದ್ದೋ, ಎಲ್ಲ ಗುಂಪಿನದ್ದೋ? ಬೀಳ್ಕೊಡುಗೆಗೆ ಖುಷಿಯಿಂದ ಹೋಗುತ್ತಾರೆ, ಸಭೆಯಲ್ಲಿ ಮಾತಾಡುತ್ತಾರೆ. ಅಂದಮೇಲೆ ಇದು ಜನರ ಎದುರು ನಿಲ್ಲುವ ಅಂಜಿಕೆಯಲ್ಲ. ಅಂಜಿಕೆಯಾಗಿದ್ದರೆ ಹಂತಹಂತವಾಗಿ ಎದುರಿಸುವ ಅಭ್ಯಾಸ ಕೊಡುತ್ತಿದ್ದೆವು. ಇವರಿಗೆ ಆ ಮದ್ದು ಕೊಟ್ಟರೆ ಗಾಯದ ಮೇಲೆ ಉಪ್ಪು ಸುರಿದಂತೆ.

ಅವರ ಬಳಿ ಎರಡು ಉಪಾಯಗಳಿದ್ದವು. ಒಂದು, ಆ ದಿನ ರಜೆ ಹಾಕುವುದು. ದುಃಖಕ್ಕೆ ರಜೆ ಬೇಕಿದ್ದರೆ ಹಾಕಲಿ. ಆದರೆ ಅಡಗಿಕೊಳ್ಳಲು ಅದು ಸಾಲದು, ಏಕೆಂದರೆ ಆಚರಣೆ ಮರುದಿನಕ್ಕೆ ಮುಂದೆ ಹೋಗುತ್ತದೆ ಅಷ್ಟೆ. ಇನ್ನೊಂದು, ಎಚ್‌ಆರ್‌ಗೆ ಬೇರೆ ತಾರೀಖು ಕೊಡುವುದು. ಇದನ್ನು ಖಂಡಿತ ಬೇಡ ಎಂದೆವು. ಸಂಬಳ, ವಿಮೆ, ನಿವೃತ್ತಿ ನಿಧಿಯ ದಾಖಲೆಗಳಲ್ಲಿ ಜನ್ಮದಿನಾಂಕ ಗುರುತಿನ ಚೀಟಿಗೆ ಹೊಂದಬೇಕು. ಹೊಂದದಿದ್ದರೆ ಹಣ ಬೇಕಾದ ಹೊತ್ತಿನಲ್ಲೇ ಕಡತ ನಿಲ್ಲುತ್ತದೆ. ಕಡತದಲ್ಲಿ ತಾರೀಖು ಸರಿಯಾಗಿಯೇ ಇರಲಿ, ಅದು ಎಲ್ಲರಿಗೂ ಕಾಣದಿದ್ದರೆ ಸಾಕು.

ಅಡಗಿಸುವುದಕ್ಕಿಂತ ಮೊದಲೇ ಕೇಳಿಕೊಳ್ಳುವುದು ಸುಲಭ. ಇಬ್ಬರಿಗೆ ಹೇಳಬೇಕು. ದಾಖಲೆ ನೋಡಿಕೊಳ್ಳುವ ಎಚ್‌ಆರ್ ಸಿಬ್ಬಂದಿಗೆ, ಮತ್ತು ತಂಡದಲ್ಲಿ ನಿಜವಾಗಿ ದುಡ್ಡು ಕೂಡಿಸಿ ಕಾರ್ಡ್‌ಗೆ ಸಹಿ ಹಾಕಿಸುವವರಿಗೆ. ಈ ಎರಡನೆಯವರನ್ನು ಬಿಟ್ಟಾಗಲೇ ಹೆಚ್ಚಿನ ಎಡವಟ್ಟು. ಮೂರು ನಾಲ್ಕು ವಾರ ಮೊದಲು ಹೇಳಬೇಕು. ಕಾರ್ಡ್ ಕೈಯಿಂದ ಕೈಗೆ ಹೋಗಲು ಶುರುವಾದ ಮೇಲೆ ತಡೆದರೆ ಎಲ್ಲರಿಗೂ ಕಾರಣ ಹೇಳಬೇಕಾಗುತ್ತದೆ.

ಬಾಯಿಮಾತು ಸಾಲದು, ಬರೆದು ಕಳಿಸಬೇಕು. ಅಮೆರಿಕದ ಕೆಂಟಕಿಯಲ್ಲಿ, ಬೇಡವೆಂದು ಮುಂಚೆಯೇ ಹೇಳಿದ್ದ ನೌಕರರೊಬ್ಬರಿಗೆ ಕಚೇರಿ ಹುಟ್ಟುಹಬ್ಬ ಏರ್ಪಡಿಸಿಬಿಟ್ಟಿತು. ಅವರಿಗೆ ಪ್ಯಾನಿಕ್ ಅಟ್ಯಾಕ್ ಆಯಿತು, ಕೆಲವೇ ದಿನಗಳಲ್ಲಿ ಕೆಲಸವೂ ಹೋಯಿತು. 2022ರಲ್ಲಿ ಜ್ಯೂರಿ 4,50,000 ಡಾಲರ್ ಪರಿಹಾರ ಕೊಡಿಸಿತು. ಹೇಳಿದ್ದು ಮರೆತುಹೋದರೆ ಎರಡೂ ಕಡೆಗೆ ಎಷ್ಟು ನಷ್ಟವಾಗಬಹುದು ನೋಡಿ.

ಪತ್ರವನ್ನು ಕೂತು ಜೊತೆಯಲ್ಲೇ ಬರೆದೆವು. ಅವರ ಮೊದಲ ಕರಡಿನಲ್ಲಿ ಅಣ್ಣನ ವಿಷಯವೂ ಇತ್ತು, ಮೂರು ಸಲ ಕ್ಷಮೆಯೂ ಇತ್ತು. ಎರಡನ್ನೂ ತೆಗೆದೆವು. ಉಳಿದದ್ದು ಇಷ್ಟು: “ನನ್ನ ಹುಟ್ಟಿದ ದಿನವನ್ನು ಕಚೇರಿಯಲ್ಲಿ ಆಚರಿಸುವುದು ಬೇಡ. ಪೋರ್ಟಲ್, ಕ್ಯಾಲೆಂಡರ್, ಗ್ರೂಪ್ ಯಾವುದರಲ್ಲೂ ತಾರೀಖು ಕಾಣದಂತೆ ಮಾಡಿ. ಆದ ಮೇಲೆ ದಯವಿಟ್ಟು ತಿಳಿಸಿ.” ಕಾರಣ ಕೊಟ್ಟರೆ ಎದುರಿನವರು ಅದಕ್ಕೊಂದು ಪರಿಹಾರ ಹುಡುಕುತ್ತಾರೆ: “ಹಾಗಾದರೆ ಚಿಕ್ಕದಾಗಿ ಮಾಡೋಣ”. “ಏನೂ ಬೇಡಪ್ಪ” ಎಂದರೆ ಸಂಕೋಚ ಎಂದುಕೊಂಡು ಮಾಡಿಯೇ ಬಿಡುತ್ತಾರೆ. “ಆಚರಿಸುವುದು ಬೇಡ” ಎನ್ನುವಲ್ಲಿ ಆ ಗೊಂದಲಕ್ಕೆ ಎಡೆಯಿಲ್ಲ. ಯಾರಾದರೂ ಏಕೆ ಎಂದು ಒತ್ತಾಯಿಸಿದರೆ ಒಂದೇ ಉತ್ತರವನ್ನು ಅದೇ ದನಿಯಲ್ಲಿ ಮತ್ತೆ ಹೇಳುವುದು: “ನನಗೆ ಹಾಗೇ ಇಷ್ಟ.” ಇದನ್ನು ಬಾಯಿಬಿಟ್ಟು ಎಂಟು ಹತ್ತು ಸಲ ಅಭ್ಯಾಸ ಮಾಡಿಸಿದೆವು. ಮೊದಲೆರಡು ಸಲ ಕೊನೆಯ ಅಕ್ಷರದಲ್ಲಿ ದನಿ ಇಳಿಯುತ್ತಿತ್ತು.

ತಾರೀಖು ಸೋರುವ ಜಾಗಗಳು ಬೇರೆಯೇ ಇವೆ. ಫೇಸ್‌ಬುಕ್‌ನಲ್ಲಿ ದಿನ–ತಿಂಗಳಿಗೊಂದು, ವರ್ಷಕ್ಕೊಂದು ಪ್ರತ್ಯೇಕ ಸೆಟ್ಟಿಂಗ್ ಇದೆ. ವರ್ಷವನ್ನಷ್ಟೇ ಮುಚ್ಚಿ ನಿಶ್ಚಿಂತೆಯಾಗುವವರು ಬಹಳ. ಲಿಂಕ್ಡ್‌ಇನ್‌ನಲ್ಲೂ ಗೂಗಲ್ ಖಾತೆಯಲ್ಲೂ ನಿಮಗೆ ಮಾತ್ರ ಕಾಣುವಂತೆ ಇಡಬಹುದು. ಆಮೇಲೆ ನಂಬಿಕಸ್ಥ ಸಹೋದ್ಯೋಗಿಯೊಬ್ಬರ ಖಾತೆಯಿಂದ ನೋಡಿ ಖಚಿತಪಡಿಸಿಕೊಳ್ಳಬೇಕು. ಕಚೇರಿ ಪೋರ್ಟಲ್‌ನ ಮುಖಪುಟದಲ್ಲಿ ‘ಈ ವಾರದ ಹುಟ್ಟುಹಬ್ಬ’ ಪಟ್ಟಿ ತಾನಾಗಿಯೇ ಬರುವಂತಿದ್ದರೆ ಅದನ್ನು ನಿಲ್ಲಿಸುವುದು ಸಾಮಾನ್ಯವಾಗಿ ಎಚ್‌ಆರ್ ಅಥವಾ ಐಟಿಯವರ ಕೈಯಲ್ಲಿರುತ್ತದೆ.

ಬೇರೆಯವರ ಹುಟ್ಟುಹಬ್ಬದಿಂದಲೂ ದೂರವಿರಬೇಕೇ ಎಂದು ಕೇಳಿದರು. ಬೇಡ. ಕಾರ್ಡ್‌ಗೆ ಸಹಿ ಹಾಕಲಿ, ಹಾರೈಸಲಿ. ತನ್ನದು ಮಾತ್ರ ಬೇಡ ಎನ್ನುವುದು ಆಗ ಎಲ್ಲರಿಗೂ ಸಹಜವಾಗಿ ಕಾಣುತ್ತದೆ.

ಎಚ್‌ಆರ್‌ನಿಂದ ಉತ್ತರ ಬರಲು ಒಂಬತ್ತು ದಿನ ಹಿಡಿಯಿತು, ನಡುವೆ ಒಮ್ಮೆ ನೆನಪಿಸಬೇಕಾಯಿತು. ಹುಟ್ಟುಹಬ್ಬದ ದಿನ ಬಂದದ್ದು ಹಳೆಯ ಸಹಪಾಠಿಯ ಒಂದೇ ಸಂದೇಶ. ಈಗ ಆಕೆಯೂ ಅದೇ ಕಟ್ಟಡದಲ್ಲಿ ಕೆಲಸ ಮಾಡುತ್ತಾರೆ. ಸಲಹಾರ್ಥಿ ಮೊದಲೇ ಬರೆದಿಟ್ಟುಕೊಂಡ ಸಾಲನ್ನೇ ಕಳಿಸಿದರು: “ಥ್ಯಾಂಕ್ಸ್ ಕಣೇ, ಇಲ್ಲಿ ಯಾರಿಗೂ ಹೇಳಬೇಡ.” ಆತಂಕದ ಅಂಕ 3ಕ್ಕೆ ಇಳಿದಿತ್ತು. ಸಂಜೆ ಮನೆಯಲ್ಲಿ ಅಣ್ಣನ ಫೋಟೋ ಮುಂದೆ ಕೂತು ಅತ್ತರಂತೆ. ಮುಂದಿನ ನಾಲ್ಕು ಭೇಟಿಗಳನ್ನು ಅಣ್ಣನ ಬಗ್ಗೆ ಮಾತಾಡಲು ಗೊತ್ತುಮಾಡಿಕೊಂಡಿದ್ದೇವೆ.