ಸಿಗ್ನಲ್‌ನಲ್ಲಿ ನಿಂತುಹೋಗುವ ಮಿಯಾಟಾ

ಪ್ರಶ್ನೆ: ನನ್ನ 1991ರ ಮಜ್ದಾ ಮಿಯಾಟಾ ಕಾರು, 1.6 ಲೀಟರ್ ಎಂಜಿನ್, ಸಿಗ್ನಲ್‌ನಲ್ಲಿ ಕ್ಲಚ್ ಒತ್ತಿದರೆ ಸಾಕು, ನಡುಗಿ ಆಫ್ ಆಗುತ್ತದೆ. ಪ್ಲಗ್ ಬದಲಿಸಿದರೂ ಅಷ್ಟೇ. ಏನು ಮಾಡಲಿ?
– ಓದುಗರು, ಕ್ಯಾಲಿಫೋರ್ನಿಯಾ

ಉತ್ತರ: ಮೊದಲು ಪಾರ್ಟ್ಸ್ ಕೊಳ್ಳುವುದನ್ನು ನಿಲ್ಲಿಸಿ. ಎಂಜಿನ್‌ಗೆ ಹೋಗುವ ಗಾಳಿಯನ್ನು ಅಳೆಯುವ ಏರ್‌ಫ್ಲೋ ಮೀಟರ್‌ನಿಂದ ಥ್ರಾಟಲ್‌ಗೆ (ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಗಾಳಿಯ ಬಾಗಿಲು) ಹೋಗುವ ರಬ್ಬರ್ ಪೈಪ್ ಬಿಚ್ಚಿ, ಅದರ ಮಡಿಕೆಗಳನ್ನು ಬೆರಳಲ್ಲಿ ಹಿಗ್ಗಿಸಿ ಬೆಳಕಿಗೆ ಹಿಡಿದು ನೋಡಿ, ಅದರಲ್ಲೂ ಕೆಳಭಾಗ. ಇಷ್ಟು ಹಳೆಯ ರಬ್ಬರ್ ಅಲ್ವಾ, ಸೀಳಿರುವ ಸಾಧ್ಯತೆ ಜಾಸ್ತಿ. ಆ ಸೀಳಿನಿಂದ ನುಗ್ಗುವ ಗಾಳಿ ಮೀಟರ್ ಲೆಕ್ಕಕ್ಕೆ ಸಿಗುವುದಿಲ್ಲ, ಹಾಗಾಗಿ ಕಂಪ್ಯೂಟರ್ ಪೆಟ್ರೋಲ್ ಕಡಿಮೆ ಕೊಡುತ್ತದೆ, ಎಂಜಿನ್ ನಿಲ್ಲುತ್ತದೆ.

ಪೈಪ್ ಚೆನ್ನಾಗಿದ್ದರೆ ಥ್ರಾಟಲ್ ಬಾಡಿ, ಐಡಲ್ ವಾಲ್ವ್‌ನ (ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್‌ಗೆ ಗಾಳಿ ಕೊಡುವ ವಾಲ್ವ್) ಮಸಿ ತೆಗೆಯಿರಿ. ಐಡಲ್ ಸ್ಕ್ರೂ ಮಾತ್ರ ಸುಮ್ನೆ ತಿರುಗಿಸಬೇಡಿ. ಎಂಜಿನ್ ಬಿಸಿಯಾದ ಮೇಲೆ ಡಯಾಗ್ನೋಸಿಸ್ ಬಾಕ್ಸ್‌ನ (ಪರೀಕ್ಷೆಗೆಂದೇ ಇರುವ ಕನೆಕ್ಟರ್) TEN, GND (ಗ್ರೌಂಡ್) ಎಂದು ಬರೆದಿರುವ ಪಿನ್‌ಗಳೆರಡನ್ನೂ ವೈರಿನಿಂದ ಜೋಡಿಸಿ, ಆಮೇಲೆ ಆ ಸ್ಕ್ರೂನಿಂದ ಐಡಲ್ ವೇಗವನ್ನು 850 ಆರ್‌ಪಿಎಂಗೆ ಹೊಂದಿಸಿ.