ಪಶುವೈದ್ಯರ ಮೇಲೆ ದೂರು ಕೊಟ್ಟರೆ ಪರವಾನಗಿ ರದ್ದಾಗುತ್ತದೆಯೇ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಐದು ವರ್ಷದ ಹೆಣ್ಣು ಪಗ್ ನಾಯಿಗೆ ಬೆಂಗಳೂರಿನ ಖಾಸಗಿ ಕ್ಲಿನಿಕ್ ಒಂದರಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದಿರಿ. ಸಂಜೆ ಮನೆಗೆ ಕಳುಹಿಸಿದರು. ರಾತ್ರಿ ಹನ್ನೊಂದರೊಳಗೆ ಅದು ತೀರಿಕೊಂಡಿತು. ಮರುದಿನ ಸುಮನಹಳ್ಳಿಯ ಚಿತಾಗಾರದಲ್ಲಿ ಅಂತ್ಯಕ್ರಿಯೆಯೂ ಮುಗಿಯಿತು. ಈಗ ಆ ವೈದ್ಯರ ಪರವಾನಗಿ ರದ್ದು ಮಾಡಿಸಲು ಯಾರಿಗೆ ಬರೆಯಬೇಕು ಎಂದು ಕೇಳಿದ್ದೀರಿ.

ನಾನು ಮೂವತ್ತು ವರ್ಷ ಸರ್ಕಾರಿ ಪಶುವೈದ್ಯನಾಗಿದ್ದು ನಿವೃತ್ತನಾದವನು, ಈಗ ಯಲಹಂಕದಲ್ಲಿದ್ದೇನೆ. ನನ್ನ ಮಾತಿನಲ್ಲಿ ಕುಲಬಾಂಧವರ ಮೇಲಿನ ಮಮತೆ ಇಣುಕಿದರೆ ಅಷ್ಟನ್ನು ಕಳೆದು ಓದಿಕೊಳ್ಳಿ. ನನ್ನ ಮೇಲೂ ಒಮ್ಮೆ ದೂರು ಬಂದಿತ್ತು. ಅದನ್ನು ಮುಂದೆ ಹೇಳುತ್ತೇನೆ.

ಬರೆಯಬೇಕಾದದ್ದು ಹೆಬ್ಬಾಳದಲ್ಲಿರುವ ಕರ್ನಾಟಕ ಪಶುವೈದ್ಯಕೀಯ ಪರಿಷತ್ತಿಗೆ. ನಾವೆಲ್ಲ ಪರವಾನಗಿ ಎನ್ನುವುದು ಕಾನೂನಿನ ಲೆಕ್ಕದಲ್ಲಿ ನೋಂದಣಿ. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯ ಪ್ರಕಾರ ರಾಜ್ಯದ ಪರಿಷತ್ತು ಪಶುವೈದ್ಯರ ಹೆಸರುಗಳ ಒಂದು ದಾಖಲೆ ಪುಸ್ತಕ ಇಟ್ಟಿರುತ್ತದೆ. ಅದರಲ್ಲಿ ಹೆಸರಿದ್ದವರಷ್ಟೇ ಚಿಕಿತ್ಸೆ ಕೊಡಬಹುದು. ಐದು ವರ್ಷಕ್ಕೊಮ್ಮೆ ನೋಂದಣಿಯನ್ನು ನವೀಕರಿಸಿಕೊಳ್ಳಬೇಕು. ಪರಿಷತ್ತಿನ ಕೈಯಲ್ಲಿರುವ ದೊಡ್ಡ ಅಸ್ತ್ರ ಎಂದರೆ ಆ ಪುಸ್ತಕದಿಂದ ಹೆಸರನ್ನು ತೆಗೆಯುವುದು. ಆದರೆ ಅದಕ್ಕೆ ವೃತ್ತಿಯಲ್ಲಿ ಹೇಯ ಎನ್ನಿಸಿಕೊಳ್ಳುವ ನಡತೆ ಸಾಬೀತಾಗಬೇಕು, ಇಲ್ಲವೇ ನೈತಿಕ ಅಧಃಪತನದ ಅಪರಾಧದಲ್ಲಿ ಶಿಕ್ಷೆಯಾಗಿರಬೇಕು. ಆರೋಪಿತರ ಮಾತು ಕೇಳದೆ ತೆಗೆಯುವಂತಿಲ್ಲ.

ಹೇಯ ನಡತೆ ಎಂಬುದು ಸಣ್ಣ ಮಾತಲ್ಲ. ಸುಳ್ಳು ಪ್ರಮಾಣಪತ್ರ ಬರೆದುಕೊಟ್ಟವರು, ಓದಿಲ್ಲದ ಕಾಂಪೌಂಡರ್ ಕೈಯಲ್ಲಿ ಕತ್ತರಿ ಕೊಟ್ಟು ತಮ್ಮ ಹೆಸರಿನ ಬೋರ್ಡ್ ತೂಗುಹಾಕಿದವರು ಇದರಲ್ಲಿ ಸಿಕ್ಕಿಬೀಳುತ್ತಾರೆ. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಕೈ ತಪ್ಪಿದವರು ಅಷ್ಟು ಸುಲಭವಾಗಿ ಸಿಗುವುದಿಲ್ಲ. ವಿಚಾರಣೆ ಮಾಡುವ ಪರಿಷತ್ತಿನಲ್ಲಿ ಪಶುವೈದ್ಯರೇ ತುಂಬಿರುತ್ತಾರೆ, ಕೆಲವರನ್ನು ನಾವೇ ಮತ ಹಾಕಿ ಕಳುಹಿಸಿರುತ್ತೇವೆ. ಮೇಜಿನ ಮೇಲೆ ಪ್ರಾಣಿಯೊಂದನ್ನು ಕಳೆದುಕೊಂಡ ನೆನಪು ಅವರಿಗೂ ಇರುತ್ತದೆ. ಇದನ್ನು ಪಕ್ಷಪಾತ ಎನ್ನಿ, ಅನುಭವ ಎನ್ನಿ, ನಿಮ್ಮಿಷ್ಟ.

ನನ್ನ ಕಥೆ ಇಷ್ಟು. ದೊಡ್ಡಬಳ್ಳಾಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಕರು ಹಾಕಿ ಎರಡನೇ ದಿನಕ್ಕೆ ಹಸುವೊಂದು ಮಲಗಿಬಿಟ್ಟಿತ್ತು. ಕತ್ತನ್ನು ಪಕ್ಕೆಗೆ ತಿರುಗಿಸಿಕೊಂಡಿತ್ತು, ಕಿವಿ ತಣ್ಣಗಿತ್ತು. ಹಾಲು ಜ್ವರ, ಅಂದರೆ ಕರು ಹಾಕಿದ ಮೇಲೆ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿಯುವ ಕಾಯಿಲೆ, ಎನ್ನುವುದರಲ್ಲಿ ಅನುಮಾನವೇ ಇರಲಿಲ್ಲ. ಇದಕ್ಕೆ ಕ್ಯಾಲ್ಸಿಯಂ ಬಾಟಲಿಯನ್ನು ರಕ್ತನಾಳಕ್ಕೆ ಏರಿಸಬೇಕು, ನಿಧಾನವಾಗಿ, ಎದೆಬಡಿತ ಆಲಿಸುತ್ತಾ. ವೇಗ ಹೆಚ್ಚಾದರೆ ಹೃದಯವೇ ನಿಂತುಹೋಗುತ್ತದೆ. ಅಂದು ಇನ್ನೂ ಮೂರು ಊರಿನಿಂದ ಕರೆ ಬಂದಿತ್ತು, ಮಳೆಯೂ ಹಿಡಿದಿತ್ತು. ಬೇಗ ಇಳಿಯಲೆಂದು ಬಾಟಲಿಯನ್ನು ಎತ್ತಿ ಹಿಡಿದೆ. ಮುಕ್ಕಾಲು ಇಳಿಯುವಷ್ಟರಲ್ಲಿ ಹಸು ಒಮ್ಮೆ ಕಾಲು ಚಾಚಿತು, ಅಷ್ಟೇ.

ಹಸುವಿಗೆ ವಿಮೆ ಇತ್ತು. ವಿಮೆಗೆ ಮರಣೋತ್ತರ ಪರೀಕ್ಷೆಯ ವರದಿ ಬೇಕು, ಹತ್ತಿರದಲ್ಲಿದ್ದ ವೈದ್ಯ ನಾನೊಬ್ಬನೇ. ಕೊಯ್ದು ನೋಡಿ ಹೃದಯ ಸ್ತಂಭನ ಎಂದು ಬರೆದೆ. ಸುಳ್ಳಲ್ಲ, ಆದರೆ ಸತ್ತವರೆಲ್ಲರ ಹೃದಯವೂ ನಿಂತೇ ಇರುತ್ತದೆ. ಹಸುವಿನ ಯಜಮಾನ ಕಾಗದವನ್ನು ಕೈಯಲ್ಲಿ ಹಿಡಿದು, "ಚುಚ್ಚಿದವರೂ ನೀವೇ, ಕೊಯ್ದವರೂ ನೀವೇ, ಸರ್ಟಿಫಿಕೇಟೂ ನಿಮ್ಮದೇ. ಸರಿ ಬಿಡಿ ಡಾಕ್ಟರೇ" ಎಂದ. ಆಮೇಲೆ ಮೇಲಧಿಕಾರಿಗಳಿಗೆ ದೂರು ಬರೆದ. ಅವರು ನನ್ನ ರಿಜಿಸ್ಟರ್ ತರಿಸಿ ನೋಡಿದರು. ಔಷಧದ ಹೆಸರಿತ್ತು, ಪ್ರಮಾಣವಿತ್ತು, ಎಷ್ಟು ನಿಮಿಷದಲ್ಲಿ ಕೊಟ್ಟೆ ಎಂಬುದು ಇರಲಿಲ್ಲ. ಆ ವಿಧದ ಸಾವು ದೇಹದೊಳಗೆ ಗುರುತನ್ನೂ ಬಿಡುವುದಿಲ್ಲ. ದೂರು ಬಿದ್ದುಹೋಯಿತು, ನಾನು ಉಳಿದುಕೊಂಡೆ. ಇಂದಿಗೂ ಅದನ್ನು ಗೆಲುವು ಎಂದುಕೊಳ್ಳಲು ನನ್ನಿಂದಾಗಿಲ್ಲ.

ಆದ್ದರಿಂದಲೇ ಇದನ್ನು ಓದುವ ಉಳಿದವರಿಗೆ ಹೇಳುತ್ತೇನೆ. ಅನುಮಾನವಿದ್ದರೆ ದೇಹವನ್ನು ಸುಡಬೇಡಿ, ಹೂಳಬೇಡಿ, ಚಿಕಿತ್ಸೆ ಕೊಟ್ಟವರ ಕೈಗೂ ಬಿಡಬೇಡಿ. ಫ್ರೀಜರಿಗೆ ಹಾಕದೆ ಮಂಜುಗಡ್ಡೆಯ ನಡುವೆ ಇಟ್ಟು ಅಂದೇ, ತಪ್ಪಿದರೆ ಮರುದಿನ ಬೆಳಿಗ್ಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಒಯ್ದು ಮರಣೋತ್ತರ ಪರೀಕ್ಷೆಗೆ ಕೇಳಿ. ಅಲ್ಲಿ ರೋಗಶಾಸ್ತ್ರದ ವಿಭಾಗವೇ ಇದೆ. ಹೆಪ್ಪುಗಟ್ಟಿಸಿದರೆ ಅಂಗಾಂಶ ಒಡೆದುಹೋಗಿ ಸೂಕ್ಷ್ಮದರ್ಶಕದಲ್ಲಿ ಏನೂ ತಿಳಿಯದು. ಮನೆಯವರು ಅಳುತ್ತಿರುವಾಗ ಇಂಥ ಮಾತು ಕ್ರೂರವಾಗಿ ಕೇಳಿಸುತ್ತದೆ, ನನಗೆ ಗೊತ್ತು.

ನಿಮಗೆ ಆ ದಾರಿ ಮುಚ್ಚಿದೆ. ಉಳಿದಿರುವುದು ಕಾಗದ. ಪರಿಷತ್ತಿಗೆ ಬರೆಯುವ ಮೊದಲೇ ಕ್ಲಿನಿಕ್‌ಗೆ ಪತ್ರ ಬರೆದು ಕೇಸ್ ಶೀಟ್, ಅರಿವಳಿಕೆಯ ದಾಖಲೆ, ನೀವು ಸಹಿ ಹಾಕಿದ ಒಪ್ಪಿಗೆ ಪತ್ರ, ಬಿಲ್ಲು ಇವುಗಳ ಪ್ರತಿ ಕೇಳಿ. ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ, ಜಗಳದ ಧಾಟಿ ಬೇಡ. ಬಂದ ಮೇಲೆ ನಾನಾಗಿದ್ದರೆ ಮೊದಲು ತೂಕ ನೋಡುತ್ತೇನೆ. ತೂಕವನ್ನೇ ಬರೆಯದಿದ್ದರೆ ಔಷಧದ ಪ್ರಮಾಣ ಕಣ್ಣಂದಾಜು ಎಂದಾಯಿತು. ಆಮೇಲೆ, ಶಸ್ತ್ರಚಿಕಿತ್ಸೆಗೆ ಮುಂಚೆ ಎದೆ ಪರೀಕ್ಷಿಸಿದ್ದಾರೆಯೇ, ರಕ್ತ ಪರೀಕ್ಷೆಯ ಮಾತು ಎತ್ತಿದ್ದಾರೆಯೇ ನೋಡುತ್ತೇನೆ. ಪಗ್‌ನಂಥ ಚಪ್ಪಟೆ ಮೂಗಿನ ತಳಿಗಳಿಗೆ ಶ್ವಾಸದ ದಾರಿಯೇ ಇಕ್ಕಟ್ಟು. ಅರಿವಳಿಕೆಯಲ್ಲಿರುವಾಗ ಗಂಟಲಲ್ಲಿ ಟ್ಯೂಬ್ ಇದ್ದರೆ ಕ್ಷೇಮ. ಅಪಾಯ ಹೆಚ್ಚು ಇರುವುದು ಟ್ಯೂಬ್ ತೆಗೆದ ಮೇಲಿನ ಹೊತ್ತಿನಲ್ಲಿ. ಪೂರ್ತಿ ಎಚ್ಚರವಾಗಿ ತಲೆ ಎತ್ತುವ ತನಕ ಕಣ್ಣು ಕೀಳದೆ ಕಾಯಬೇಕು. ಟ್ಯೂಬ್ ತೆಗೆದ ಹೊತ್ತು ಮತ್ತು ಮನೆಗೆ ಕಳುಹಿಸಿದ ಹೊತ್ತು ಎರಡೂ ಬರೆದಿದ್ದರೆ ಅವುಗಳ ನಡುವಿನ ಅಂತರವೇ ನಿಮ್ಮ ಪರವಾಗಿಯೋ ವಿರುದ್ಧವಾಗಿಯೋ ಸಾಕ್ಷಿ ಹೇಳುತ್ತದೆ.

ಇನ್ನೊಂದು ಸಾಧ್ಯತೆ ರಕ್ತಸ್ರಾವ. ಅಂಡಾಶಯದ ರಕ್ತನಾಳಕ್ಕೆ ಕಟ್ಟಿದ ದಾರ ಜಾರಿದರೆ ಹೊಟ್ಟೆಯೊಳಗೇ ರಕ್ತ ತುಂಬುತ್ತದೆ, ಹೊರಗೆ ಹನಿಯೂ ಕಾಣದಿರಬಹುದು. ಮರಣೋತ್ತರ ಪರೀಕ್ಷೆಯಾಗಿದ್ದರೆ ಐದು ನಿಮಿಷದಲ್ಲಿ ತೀರ್ಮಾನವಾಗುತ್ತಿದ್ದ ಸಂಗತಿ ಇದು.

ಅದೇ ಹೊತ್ತಿಗೆ, ಅರಿವಳಿಕೆ ಕೊಟ್ಟವರು, ಹೊಲಿಗೆ ಹಾಕಿದವರು ಇಬ್ಬರ ನೋಂದಣಿ ಸಂಖ್ಯೆಯನ್ನೂ ಕೇಳಿ, ಪರಿಷತ್ತಿನಲ್ಲಿ ಹೋಲಿಸಿ ನೋಡಿ. ಇಬ್ಬರಲ್ಲಿ ಒಬ್ಬರ ಹೆಸರು ಇಲ್ಲದಿದ್ದರೆ ನಿಮ್ಮ ದೂರಿನ ತೂಕವೇ ಬೇರೆ. ಕಾಯ್ದೆಯ 30ನೇ ಕಲಮಿನ ಪ್ರಕಾರ ನೋಂದಾಯಿತರಲ್ಲದವರು ಪಶುವೈದ್ಯ ವೃತ್ತಿ ನಡೆಸುವಂತಿಲ್ಲ. ಸಣ್ಣಪುಟ್ಟ ಸೇವೆಗಳಿಗೆ ವೈದ್ಯರ ಮೇಲ್ವಿಚಾರಣೆಯಲ್ಲಿ ವಿನಾಯಿತಿ ಇದೆ, ಹೊಟ್ಟೆ ಕೊಯ್ಯುವುದು ಸಣ್ಣಪುಟ್ಟ ಸೇವೆಯಲ್ಲ. ಪರಿಷತ್ತು ನೋಂದಾಯಿಸುವುದು ವ್ಯಕ್ತಿಯನ್ನು ಎಂಬುದು ನೆನಪಿರಲಿ. ದೂರಿನಲ್ಲಿ ಕ್ಲಿನಿಕ್ಕಿನ ಹೆಸರನ್ನಷ್ಟೇ ಬರೆದರೆ ಉಪಯೋಗವಿಲ್ಲ.

ಹಣದ ಪರಿಹಾರ ಬೇಕೆಂದರೆ ಅದು ಪರಿಷತ್ತಿನ ಕೆಲಸವಲ್ಲ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬೇಕು. ಘಟನೆಯಿಂದ ಎರಡು ವರ್ಷದೊಳಗೆ ಹಾಕಬೇಕು. ನೀವು ತೆತ್ತ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರಿಲ್ಲದೆ ನೀವೇ ವಾದಿಸಬಹುದು. ಕ್ಲಿನಿಕ್‌ ದಾಖಲೆ ಕೊಡದೆ ಸತಾಯಿಸಿದರೆ ಹಾಜರುಪಡಿಸುವಂತೆ ಆದೇಶಿಸುವ ಅಧಿಕಾರವೂ ಆಯೋಗಕ್ಕಿದೆ. ವೈದ್ಯರ ನಿರ್ಲಕ್ಷ್ಯವನ್ನು ಅಳೆಯುವ ಗಜಕಡ್ಡಿಯನ್ನು ಸುಪ್ರೀಂ ಕೋರ್ಟ್ 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಹೇಳಿದೆ. ಅದು ಮನುಷ್ಯರ ವೈದ್ಯರ ಪ್ರಕರಣ, ಆದರೂ ತರ್ಕ ಇಲ್ಲಿಗೂ ಹೊಂದುತ್ತದೆ. ಸಾಧಾರಣ ನೈಪುಣ್ಯದ ವೈದ್ಯ ತೋರುವ ಎಚ್ಚರವನ್ನು ಇವರು ತೋರಿದರೇ ಎಂಬುದು ಪ್ರಶ್ನೆ, ಪ್ರಾಣಿ ಉಳಿಯಿತೇ ಎಂಬುದಲ್ಲ. ಇದಕ್ಕೆ ಇನ್ನೊಬ್ಬ ಪಶುವೈದ್ಯರ ಲಿಖಿತ ಅಭಿಪ್ರಾಯ ಬೇಕಾಗುತ್ತದೆ. ಕಷ್ಟ ಇರುವುದು ಅಲ್ಲಿ. ಬಾಯಿಮಾತಿನಲ್ಲಿ "ಅವರು ಹೀಗೆ ಮಾಡಬಾರದಿತ್ತು" ಎನ್ನುವವರು ಹತ್ತು ಜನ ಸಿಗುತ್ತಾರೆ, ಸಹಿ ಹಾಕುವವರು ಒಬ್ಬರು ಸಿಕ್ಕರೆ ನಿಮ್ಮ ಪುಣ್ಯ.

ಪೊಲೀಸ್ ಠಾಣೆಗೆ ಹೋಗುವ ಯೋಚನೆ ಬಿಡಿ, ಕೊಲ್ಲುವ ಉದ್ದೇಶ ಇತ್ತೆಂದು ನೀವು ತೋರಿಸಲಾರಿರಿ. ಕ್ಲಿನಿಕ್ಕಿನ ಹೆಸರು ಹಾಕಿ ಅಂತರ್ಜಾಲದಲ್ಲಿ ಬರೆಯುವುದೂ ಈಗಲೇ ಬೇಡ.

ಒಂದು ಕೆಲಸ ಇವತ್ತೇ ಮಾಡಿ. ಮನೆಯಲ್ಲಿ ಅಂದು ಯಾರ್‍ಯಾರು ಇದ್ದರೋ ಅವರೆಲ್ಲ ಬೇರೆ ಬೇರೆ ಕುಳಿತು ಆ ಸಂಜೆಯನ್ನು ಗಂಟೆಗಂಟೆಯಾಗಿ ಬರೆದಿಡಿ. ಒಸಡು ಬೆಳ್ಳಗಿತ್ತೇ, ನೀಲಿಗಟ್ಟಿತ್ತೇ? ಹೊಟ್ಟೆ ಉಬ್ಬಿತ್ತೇ? ಉಸಿರಿನಲ್ಲಿ ಗೊರಕೆಯ ಸದ್ದು ಇತ್ತೇ? ಕ್ಲಿನಿಕ್‌ಗೆ ಕರೆ ಮಾಡಿದ್ದರೆ ಎಷ್ಟು ಹೊತ್ತಿಗೆ, ಯಾರು ಎತ್ತಿದರು, ಏನು ಹೇಳಿದರು? ಆ ಟಿಪ್ಪಣಿ ಮತ್ತು ಕೇಸ್ ಶೀಟಿನ ಪ್ರತಿ ಎರಡೂ ಕೈಗೆ ಬಂದ ಮೇಲೆ, ವೈದ್ಯರ ಹೆಸರನ್ನು ಮುಚ್ಚಿ, ಇಲ್ಲಿಯೇ ಕೇಳಿ. ಓದಿ ನನಗೆ ತೋರಿದ್ದನ್ನು ಹೇಳುತ್ತೇನೆ.